ಮಳೆ ರಜೆಯಲ್ಲಿ ಅಲೆ ಅಳೆಯೋಣ: ಹಗ್ಗ, ಬಕೆಟ್, ಹಪ್ಪಳ, ಸಿ.ಡಿ. ಇಟ್ಟುಕೊಂಡು ಸದ್ದು–ಬೆಳಕಿನ ಪಾಠ

ಜುಲೈ ಬಂತೆಂದರೆ ಕೊಡಗಿನ ಮಕ್ಕಳು ಎದ್ದ ಕೂಡಲೇ ಕೇಳುವುದು ಒಂದೇ ಮಾತು: "ಇವತ್ತು ರಜೆ ಉಂಟಾ?" ಜಿಲ್ಲಾಧಿಕಾರಿಗಳ ಆದೇಶ ಮೊಬೈಲಿಗೆ ಬಂದರೆ ಕುಣಿದಾಟ. ಹತ್ತು ಗಂಟೆಯ ಹೊತ್ತಿಗೆ ಆ ಉತ್ಸಾಹ ಇಳಿದಿರುತ್ತದೆ. ಕರೆಂಟಿಲ್ಲ, ನೆಟ್‌ವರ್ಕಿಲ್ಲ, ಅಂಗಳಕ್ಕೆ ಇಳಿಯುವಂತಿಲ್ಲ. ಜಗಲಿಯ ಕಂಬಕ್ಕೆ ಒರಗಿ ಮಳೆ ನೋಡುತ್ತಾ ಕೂರುತ್ತಾರೆ. ನಮ್ಮ ಮನೆಯ ಮೊಮ್ಮಕ್ಕಳಿಗೂ ಪಕ್ಕದ ತೋಟದ ಲೈನ್ ಮನೆಗಳ ಮಕ್ಕಳಿಗೂ ಅಂಥ ದಿನಗಳಲ್ಲಿ ಮಾಡಿಸಿದ ಅಳತೆಗಳನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು. ತರಂಗಗಳ ಪಾಠದಲ್ಲಿ ಬೋರ್ಡಿನ ಮೇಲೆ ಬರೆಯುತ್ತಿದ್ದ ಸೂತ್ರ ಒಂದೇ: ವೇಗ = ಆವೃತ್ತಿ (ಸೆಕೆಂಡಿಗೆ ಎಷ್ಟು ಅಲೆ) × ತರಂಗದೂರ (ಒಂದು ಪೂರ್ತಿ ಅಲೆಯ ಉದ್ದ). ಮಕ್ಕಳು ಪರೀಕ್ಷೆಯಲ್ಲಿ ಅದನ್ನು ತಪ್ಪಿಲ್ಲದೆ ಬರೆಯುತ್ತಿದ್ದರು. ಅದೇ ಮಕ್ಕಳ ಕೈಗೆ ಒಂದು ಹಗ್ಗ ಕೊಟ್ಟು "ಇದರಲ್ಲಿ ತರಂಗದೂರ ಎಲ್ಲಿದೆ ತೋರಿಸು" ಎಂದರೆ ಬೆರಳು ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಅದು ನನ್ನನ್ನು ಬಹಳ ಕಾಡಿದೆ. ಆ ಸೂತ್ರದಲ್ಲಿರುವ ಮೂರೂ ಟೇಪಿಗೂ ಗಡಿಯಾರಕ್ಕೂ ಸಿಗುವಂಥವು. ಎರಡನ್ನು ಅಳೆದರೆ ಮೂರನೆಯದು ತಾನಾಗಿಯೇ ಸಿಗುತ್ತದೆ. ಹಗ್ಗದಿಂದ ಹಿಡಿದು ಬೆಳಕಿನವರೆಗೆ ಇಡೀ ಪಾಠವನ್ನು ಈ ಒಂದು ದಾರದಲ್ಲೇ ಪೋಣಿಸಬಹುದು.

ಬೇಕಾದ ಸಾಮಾನು: ಏಳೆಂಟು ಮೀಟರ್ ದಪ್ಪ ಹಗ್ಗ, ಅಳತೆ ಟೇಪು, ಸ್ಟಾಪ್‌ವಾಚ್ ಇರುವ ಮೊಬೈಲ್, ಆಯತಾಕಾರದ ಟ್ರೇ, ಒಂದು ಬಕೆಟ್, ತೋಟಕ್ಕೆ ನೀರು ಹಾಯಿಸುವ ಒಂದಿಂಚಿನ ಪಿ.ವಿ.ಸಿ. ಪೈಪಿನ ತುಂಡು, ಹಳೆಯ ಸಿ.ಡಿ., ಕೆಂಪು ಲೇಸರ್ ಪಾಯಿಂಟರ್, ನಾಲ್ಕೈದು ಹಪ್ಪಳ. ಒಂದು ನೋಟ್‌ಬುಕ್ ಕಡ್ಡಾಯ. ಬರೆದಿಡದ ಅಳತೆ ನಾಳೆಗೆ ಉಳಿಯುವುದಿಲ್ಲ.

ಹೆಜ್ಜೆ 1: ಹಗ್ಗದಲ್ಲಿ ಅಲೆಯನ್ನು ಕಣ್ಣಾರೆ ನೋಡುವುದು

ಹಗ್ಗದ ಒಂದು ತುದಿಯನ್ನು ಜಗಲಿಯ ಕಂಬಕ್ಕೆ ಸೊಂಟದ ಎತ್ತರದಲ್ಲಿ ಬಿಗಿಯಿರಿ. ಇನ್ನೊಂದು ತುದಿ ಹಿಡಿದು ಕಂಬದಿಂದ ಸರಿಯಾಗಿ 6 ಮೀಟರ್ ದೂರ ನಿಲ್ಲಿ. ಹಗ್ಗದ ನಡುವೆ ಕೆಂಪು ರಿಬ್ಬನ್ ಕಟ್ಟಿ. ಈಗ ಕೈಯನ್ನು ಒಮ್ಮೆ ಮಾತ್ರ ಝಾಡಿಸಿ. ಒಂದು ಗೂನು ಓಡಿಹೋಗಿ ಕಂಬಕ್ಕೆ ತಾಗಿ ಹಿಂದಿರುಗುತ್ತದೆ. ಮೇಲ್ಮುಖವಾಗಿ ಹೋದ ಗೂನು ಕೆಳಮುಖವಾಗಿ ಬರುತ್ತದೆ, ಅದನ್ನು ಗಮನಿಸಿ. ಕಟ್ಟಿದ ತುದಿ ಅಲುಗಲಾರದ್ದರಿಂದ ಹಗ್ಗ ಮೇಲಕ್ಕೆ ಎಳೆದಷ್ಟೇ ಬಲದಲ್ಲಿ ಕಂಬ ಅದನ್ನು ಕೆಳಕ್ಕೆ ಎಳೆಯುತ್ತದೆ.

ಮಕ್ಕಳ ಕಣ್ಣು ಗೂನಿನ ಹಿಂದೆ ಓಡುತ್ತದೆ. ನೀವು ರಿಬ್ಬನ್ ತೋರಿಸಿ. ಅದು ಇದ್ದಲ್ಲೇ ಮೇಲೆ ಕೆಳಗೆ ಆಡಿ ನಿಂತಿತು, ಕಂಬದ ಕಡೆಗೆ ಒಂದು ಬೆರಳಿನಷ್ಟೂ ಸರಿಯಲಿಲ್ಲ. ಹೋದದ್ದು ಅಲುಗಾಟ, ಹಗ್ಗ ಅಲ್ಲ. ಅಲೆಯ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿಲ್ಲ. ಗದ್ದೆಯ ಮೇಲೆ ಗಾಳಿ ಬೀಸಿದಾಗ ಪೈರಿನ ಮೇಲೆ ಹಸಿರು ಅಲೆ ಆ ತುದಿಯವರೆಗೂ ಓಡುತ್ತದೆ, ಒಂದೇ ಒಂದು ಬುಡವೂ ಕಿತ್ತುಹೋಗುವುದಿಲ್ಲ. ಮಗುವಿಗೆ ಅದನ್ನೇ ಹೇಳಿ, ಅರ್ಥವಾಗುತ್ತದೆ.

ಈಗ ಅಳತೆ. ಹಗ್ಗವನ್ನು ನಿಧಾನವಾಗಿ, ಒಂದೇ ಲಯದಲ್ಲಿ ಮೇಲೆ ಕೆಳಗೆ ಆಡಿಸಿ. ಒಂದು ಹದದ ವೇಗದಲ್ಲಿ ಇಡೀ ಹಗ್ಗ ಒಂದೇ ತೊಟ್ಟಿಲಿನ ಹಾಗೆ ತೂಗಲು ಶುರುವಾಗುತ್ತದೆ. ಕೈ ಮೇಲೆ ಹೋಗಿ ಕೆಳಗೆ ಬಂದು ಮೊದಲಿನ ಜಾಗ ಸೇರಿದರೆ ಒಂದು ಎಣಿಕೆ. 10 ಸೆಕೆಂಡಿಗೆ ಎಷ್ಟು ಎಂದು ಬರೆದುಕೊಳ್ಳಿ. ನಮ್ಮ ಹಗ್ಗಕ್ಕೆ 10 ಬಂತು, ಅಂದರೆ ಸೆಕೆಂಡಿಗೆ 1. ಇದೇ ಆವೃತ್ತಿ, 1 ಹರ್ಟ್ಸ್. ಒಂದು ತೊಟ್ಟಿಲು ಅರ್ಧ ಅಲೆ. ಹಾಗಾಗಿ ತರಂಗದೂರ 12 ಮೀಟರ್, ವೇಗ ಸೆಕೆಂಡಿಗೆ 12 ಮೀಟರ್.

ಇನ್ನಷ್ಟು ಬೇಗ ಆಡಿಸಿ. ನಡುವೆ ಒಂದು ಅಲುಗದ ಗಂಟು ಮೂಡಿ ಎರಡು ತೊಟ್ಟಿಲಾಗುತ್ತದೆ. ಎಣಿಕೆ 20ರ ಹತ್ತಿರ ಬರುತ್ತದೆ. ತರಂಗದೂರ 6 ಮೀಟರ್, ಆವೃತ್ತಿ 2, ಗುಣಿಸಿದರೆ ಮತ್ತೆ 12. ಮೂರು ತೊಟ್ಟಿಲು ಮಾಡಬಲ್ಲ ಮಕ್ಕಳಿಗೆ 30 ಬರುತ್ತದೆ, 4 × 3, ಮತ್ತೂ 12. ನೀವು ಎಷ್ಟೇ ಬೇಗ ಆಡಿಸಿದರೂ ವೇಗ ಬದಲಾಗಲಿಲ್ಲ. ವೇಗವನ್ನು ನಿರ್ಧರಿಸುವುದು ಹಗ್ಗದ ಭಾರ ಮತ್ತು ಬಿಗಿ. ಹಗ್ಗವನ್ನು ಹೆಚ್ಚು ಬಿಗಿಯಾಗಿ ಎಳೆದು ಮತ್ತೊಮ್ಮೆ ಅಳೆಯಿರಿ, ಈ ಸಲ ಉತ್ತರ ಏರುತ್ತದೆ. ಕೈಗೆ ಸೇರಿದ್ದು ಆವೃತ್ತಿ, ಹಗ್ಗಕ್ಕೆ ಸೇರಿದ್ದು ವೇಗ, ಇವೆರಡರ ಒಪ್ಪಂದದಿಂದ ಹುಟ್ಟುವುದು ತರಂಗದೂರ. ಮುಂದೆ ಬರುವ ಪ್ರತಿಯೊಂದು ಹೆಜ್ಜೆಯಲ್ಲೂ ಇದೇ ಕಥೆ.

ಹೆಜ್ಜೆ 2: ಟ್ರೇಯಲ್ಲಿ ಸಮುದ್ರ

ಕೆರೆಗೆ ಕಲ್ಲೆಸೆದು ಅಲೆ ನೋಡುವುದು ಚಂದವೇ. ಆದರೆ ಮಳೆಗಾಲದಲ್ಲಿ ತೋಟದ ಕೆರೆಯ ದಂಡೆ ಕುಸಿಯುವ ಮಣ್ಣು, ಮಕ್ಕಳನ್ನು ಅತ್ತ ಕಳಿಸಲೇಬೇಡಿ. ಅಡುಗೆಮನೆಯ ಟ್ರೇ ಸಾಕು.

40 ಸೆಂಟಿಮೀಟರ್ ಉದ್ದದ ಟ್ರೇಯನ್ನು ಸಮತಟ್ಟಾದ ಮೇಜಿನ ಮೇಲಿಟ್ಟು 1 ಸೆಂ.ಮೀ. ಆಳಕ್ಕೆ ನೀರು ಹಾಕಿ. ಒಂದು ತುದಿಯನ್ನು ಚೂರೇ ಚೂರು ಎತ್ತಿ ಮೆಲ್ಲನೆ ಇಳಿಸಿ. ನೀರಿನ ಉಬ್ಬು ಆಚೆ ಗೋಡೆಗೆ ಹೋಗಿ ಈಚೆ ಬರುತ್ತಾ ಇರುತ್ತದೆ. ನಾಲ್ಕು ಸಲ ದಾಟಲು ಎಷ್ಟು ಹೊತ್ತು ನೋಡಿ. 5 ಸೆಕೆಂಡಿನ ಆಸುಪಾಸು ಬರುತ್ತದೆ. 160 ಸೆಂ.ಮೀ. ದೂರಕ್ಕೆ 5 ಸೆಕೆಂಡ್, ಅಂದರೆ ಸೆಕೆಂಡಿಗೆ ಸುಮಾರು 32 ಸೆಂ.ಮೀ. ಈಗ ಆಳವನ್ನು 4 ಸೆಂ.ಮೀ.ಗೆ ಏರಿಸಿ. ಮಕ್ಕಳಿಗೆ ಮೊದಲೇ ಕೇಳಿ: "ವೇಗ ನಾಲ್ಕು ಪಟ್ಟಾಗುತ್ತಾ?" ಎಲ್ಲರೂ ಹೌದೆನ್ನುತ್ತಾರೆ. ಅಳೆದರೆ ಎರಡು ಪಟ್ಟು ಮಾತ್ರ. ಆಳ ಕಡಿಮೆಯಿರುವ ನೀರಿನಲ್ಲಿ ಅಲೆಯ ವೇಗ ಗುರುತ್ವ ಮತ್ತು ಆಳದ ಗುಣಲಬ್ಧದ ವರ್ಗಮೂಲ. ಆಳ ನಾಲ್ಕು ಪಟ್ಟಾದರೆ ವೇಗ ಎರಡು ಪಟ್ಟು, ಒಂಬತ್ತು ಪಟ್ಟಾದರೆ ಮೂರು ಪಟ್ಟು.

ಇದೇ ಲೆಕ್ಕವನ್ನು 4,000 ಮೀಟರ್ ಆಳದ ಸಾಗರಕ್ಕೆ ಹಾಕಿ. ಸೆಕೆಂಡಿಗೆ 198 ಮೀಟರ್, ಗಂಟೆಗೆ 700 ಕಿ.ಮೀ.ಗೂ ಹೆಚ್ಚು. 2004ರ ಡಿಸೆಂಬರ್ 26ರಂದು ಸುಮಾತ್ರಾ ಬಳಿ ಎದ್ದ ಸುನಾಮಿ ಎರಡು ಮೂರು ಗಂಟೆಗಳಲ್ಲಿ ತಮಿಳುನಾಡಿನ ತೀರ ಮುಟ್ಟಿದ್ದು ಹೀಗೆ. ಸಾಗರವೂ ಸುನಾಮಿಯ ಪಾಲಿಗೆ ಆಳವಿಲ್ಲದ ಟ್ರೇ, ಏಕೆಂದರೆ ಆ ಅಲೆಯ ಉದ್ದ ನೂರಾರು ಕಿಲೋಮೀಟರ್.

ಹೆಜ್ಜೆ 3: ಸದ್ದಿನ ವೇಗ, ಎರಡು ಕಾಲದಲ್ಲಿ ಎರಡು ಬಗೆ

ಈ ಹೆಜ್ಜೆ ಮಳೆ ರಜೆಗೆ ಆಗುವುದಿಲ್ಲ, ಓದಿಟ್ಟುಕೊಂಡು ಕಾಯಬೇಕು. ಜುಲೈ ಮಳೆ ನಮ್ಮಲ್ಲಿ ಬಿಡದೆ ಸುರಿಯುತ್ತದೆಯೇ ಹೊರತು ಗುಡುಗುವುದು ಕಡಿಮೆ. ಗುಡುಗು ಬೇಕಾದರೆ ಏಪ್ರಿಲ್–ಮೇ ತಿಂಗಳ ಸಂಜೆ ಮಳೆ ಬರಬೇಕು. ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಸೆಕೆಂಡು ಎಣಿಸಿ, 3ರಿಂದ ಭಾಗಿಸಿ, ಅಷ್ಟು ಕಿಲೋಮೀಟರ್ ದೂರ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುವುದರಿಂದ ಈ ಲೆಕ್ಕ ಕೂಡುತ್ತದೆ. ಎಣಿಕೆ 30ಕ್ಕಿಂತ ಕಡಿಮೆ ಬಂದರೆ ಪಾಠ ನಿಲ್ಲಿಸಿ ಮನೆಯೊಳಗೆ ಹೋಗಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಗೆ ಬರಬೇಡಿ.

ಮಿಂಚಿನ ದೂರ ನಮಗೆ ಬೇರೆ ದಾರಿಯಿಂದ ತಿಳಿಯದು, ಹಾಗಾಗಿ ಇದು ವೇಗವನ್ನು ಅಳೆದಂತಲ್ಲ, ನಂಬಿದಂತೆ. ನಿಜವಾದ ಅಳತೆಗೆ ಹುತ್ತರಿ ಕಳೆದು ಗದ್ದೆ ಕೊಯ್ಲು ಮುಗಿಯಲಿ. ಬಯಲಿಗೆ ಮುಖಮಾಡಿದ ದೊಡ್ಡ ಗೋಡೆ, ಶಾಲೆಯದ್ದೋ ಕಾಫಿ ಗೋಡೌನಿನದ್ದೋ, ಹುಡುಕಿ ಅದರಿಂದ 50 ಮೀಟರ್ ಅಳೆದು ನಿಲ್ಲಿ. ಎರಡು ಮರದ ತುಂಡುಗಳನ್ನು ಒಂದಕ್ಕೊಂದು ಹೊಡೆಯಿರಿ. ಪ್ರತಿಧ್ವನಿ ಕೇಳುತ್ತದೆ. ಈಗ ಲಯವಾಗಿ ಹೊಡೆಯುತ್ತಾ ಹೋಗಿ, ಪ್ರತಿಧ್ವನಿ ಸರಿಯಾಗಿ ಎರಡು ಪೆಟ್ಟುಗಳ ನಟ್ಟನಡುವೆ ಬೀಳುವಂತೆ ಹೊಂದಿಸಿಕೊಳ್ಳಿ: ಪೆಟ್ಟು, ಮರುಸದ್ದು, ಪೆಟ್ಟು, ಮರುಸದ್ದು, ಗಡಿಯಾರದ ಹಾಗೆ. ಸ್ಟಾಪ್‌ವಾಚ್ ಒತ್ತುವ ಪೆಟ್ಟನ್ನು "ಸೊನ್ನೆ" ಎಂದೇ ಎಣಿಸಿ, 20ಕ್ಕೆ ನಿಲ್ಲಿಸಿ. ಸೊನ್ನೆ ಬಿಟ್ಟು ಒಂದರಿಂದ ಶುರುಮಾಡುವುದೇ ಎಲ್ಲರೂ ಮಾಡುವ ತಪ್ಪು.

ಎರಡು ಪೆಟ್ಟಿನ ನಡುವಿನ ಹೊತ್ತಿನಲ್ಲಿ ಅರ್ಧ ಹೊತ್ತು ಮಾತ್ರ ಸದ್ದು ಗೋಡೆಗೆ ಹೋಗಿ ಬಂದಿದೆ, ಅಂದರೆ 100 ಮೀಟರ್. ಪೂರ್ತಿ ಹೊತ್ತಿಗೆ 200, ಅಂಥ 20 ಸುತ್ತಿಗೆ 4,000 ಮೀಟರ್. ನಿಮ್ಮ ಸ್ಟಾಪ್‌ವಾಚ್ 11.7 ಸೆಕೆಂಡ್ ತೋರಿಸಿದರೆ ವೇಗ 342. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ತೋಟದ ಒಳಗೆ ನಿಂತು ಪ್ರಯತ್ನಿಸಿದರೆ ಏನೂ ಕೇಳದು. ಎಲೆ, ರೆಂಬೆ, ತರಗು ಸದ್ದನ್ನು ನೂರು ಕಡೆಗೆ ಚದುರಿಸಿ ಹೀರಿಬಿಡುತ್ತವೆ.

ಗೋಡೆ ಇಲ್ಲದವರಿಗೆ ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬ ಇದೆ. ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆಯನ್ನು ಮೈದಾನದ ಆಚೆ ತುದಿಯಲ್ಲಿ, ಗುಂಡಿನ ದಾರಿಯಿಂದ ಪೂರ್ತಿ ಹೊರಗೆ ನಿಂತು ನೋಡಿ. ಕೋವಿಯ ಬಾಯಲ್ಲಿ ಹೊಗೆ ಮೊದಲು ಕಾಣುತ್ತದೆ, 170 ಮೀಟರ್ ದೂರದಲ್ಲಿದ್ದರೆ ಢಂ ಎನ್ನುವುದು ಅರ್ಧ ಸೆಕೆಂಡ್ ತಡವಾಗಿ ಬರುತ್ತದೆ. 17ನೇ ಶತಮಾನದ ಯುರೋಪಿನ ವಿಜ್ಞಾನಿಗಳೂ ಸದ್ದಿನ ವೇಗ ಅಳೆದದ್ದು ಬಂದೂಕಿನ ಮಿಂಚು ಮತ್ತು ಸದ್ದಿನ ಅಂತರದಿಂದಲೇ. ನ್ಯೂಟನ್ ಲೆಕ್ಕದಿಂದ ಕಂಡುಹಿಡಿದ ವೇಗ ಈ ಅಳತೆಗಿಂತ ಶೇ 15ರಷ್ಟು ಕಡಿಮೆ ಬಂತು. ಸದ್ದು ಗಾಳಿಯನ್ನು ಒತ್ತಿದಾಗ ಒತ್ತಿದ ಜಾಗ ಚೂರು ಬಿಸಿಯಾಗುತ್ತದೆ, ಸೈಕಲ್ ಪಂಪಿನ ತುದಿ ಬಿಸಿಯಾಗುವ ಹಾಗೆ. ಆ ಬಿಸಿ ಹೊರಹೋಗಲು ಸಮಯವೇ ಸಿಗುವುದಿಲ್ಲ, ಅದರಿಂದ ಗಾಳಿ ಇನ್ನಷ್ಟು ಬಿರುಸಾಗಿ ಮರುತಳ್ಳುತ್ತದೆ. ಇದನ್ನು ಸೇರಿಸಿ ಲೆಕ್ಕ ಸರಿಮಾಡಿದವನು ಲಾಪ್ಲಾಸ್, 1816ರಲ್ಲಿ.

ಮಡಿಕೇರಿ ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿದೆ, ಗಾಳಿ ತೆಳು, ಹಾಗಾದರೆ ಸದ್ದು ನಿಧಾನವೇ ಎಂದು ಒಬ್ಬ ಹುಡುಗ ಕೇಳಿದ್ದ. ತುಂಬ ಒಳ್ಳೆಯ ಪ್ರಶ್ನೆ. ಮೇಲೇರಿದಂತೆ ಒತ್ತಡವೂ ಸಾಂದ್ರತೆಯೂ ಜೊತೆಜೊತೆಗೇ ಇಳಿಯುವುದರಿಂದ ಒಂದರ ಪರಿಣಾಮವನ್ನು ಇನ್ನೊಂದು ಅಳಿಸುತ್ತದೆ. ಉಳಿಯುವುದು ಉಷ್ಣಾಂಶ ಮಾತ್ರ. ಒಂದು ಡಿಗ್ರಿ ಏರಿದರೆ ವೇಗ ಸೆಕೆಂಡಿಗೆ 0.6 ಮೀಟರ್ ಏರುತ್ತದೆ, ಸೊನ್ನೆ ಡಿಗ್ರಿಯಲ್ಲಿ 331.

ಹೆಜ್ಜೆ 4: ಬಕೆಟ್ ಮತ್ತು ಪೈಪು

ಇಡೀ ಬರಹದಲ್ಲಿ ಒಂದೇ ಒಂದನ್ನು ಮಾಡುವುದಾದರೆ ಇದನ್ನು ಮಾಡಿ. ಮಳೆ ರಜೆಗೆ ಹೇಳಿ ಮಾಡಿಸಿದ್ದು, ಕರೆಂಟ್ ಬೇಡ. ಮೊಬೈಲಿನಲ್ಲಿ ಟೋನ್ ಜನರೇಟರ್ ಆ್ಯಪ್ ಒಂದನ್ನು ನೆಟ್‌ವರ್ಕ್ ಇರುವಾಗಲೇ ಇಳಿಸಿಟ್ಟುಕೊಂಡಿರಿ.

ಮೊದಲು ಮಕ್ಕಳ ಕಣ್ಣು ಮುಚ್ಚಿಸಿ, ನಲ್ಲಿಯ ಕೆಳಗೆ ಬಿಂದಿಗೆ ಇಡಿ. "ತುಂಬಿತು ಅನ್ನಿಸಿದಾಗ ಹೇಳಿ." ಒಂದು ಮಗುವೂ ತಪ್ಪುವುದಿಲ್ಲ. ನಮ್ಮ ಅಜ್ಜಿ ಒಲೆಯ ಮುಂದೆ ಕುಳಿತುಕೊಂಡೇ ಹಿತ್ತಲಿನಲ್ಲಿ ತುಂಬುತ್ತಿದ್ದ ಬಿಂದಿಗೆಯನ್ನು "ಆಯ್ತು, ನಿಲ್ಲಿಸು" ಎನ್ನುತ್ತಿದ್ದರು. ನೀರು ಏರಿದಂತೆ ಒಳಗಿನ ಗಾಳಿಯ ಜಾಗ ಕುಗ್ಗುತ್ತದೆ, ಸ್ವರ ಏರುತ್ತದೆ. ಕಿವಿಗೆ ಗೊತ್ತಿರುವ ಈ ಸಂಗತಿಯನ್ನೇ ಈಗ ಸ್ಕೇಲಿನಲ್ಲಿ ಹಿಡಿಯುತ್ತೇವೆ.

ಬಕೆಟ್ ತುಂಬ ನೀರು ಹಿಡಿಯಿರಿ, ಆಳ 30 ಸೆಂ.ಮೀ. ಇರಲಿ. 35 ಸೆಂ.ಮೀ. ಉದ್ದದ ಪೈಪನ್ನು ನೆಟ್ಟಗೆ ಮುಳುಗಿಸಿ. ಮೊಬೈಲಿನಲ್ಲಿ 1,000 ಹರ್ಟ್ಸ್ ಸ್ವರ ಹಾಕಿ ಸ್ಪೀಕರನ್ನು ಪೈಪಿನ ಬಾಯಿಯ ಮೇಲೆ ಒಂದೆರಡು ಬೆರಳಿನಷ್ಟು ಎತ್ತರದಲ್ಲಿ ಹಿಡಿಯಿರಿ. ಇನ್ನೊಬ್ಬರು ಪೈಪನ್ನು ಬಹಳ ನಿಧಾನವಾಗಿ ಮೇಲೆತ್ತಲಿ, ಮೊಬೈಲೂ ಜೊತೆಗೇ ಏರಲಿ. ನೀರಿನ ಮೇಲೆ ಪೈಪು ಸುಮಾರು 8 ಸೆಂ.ಮೀ. ಆದಾಗ ಸದ್ದು ತಟ್ಟನೆ ಉಕ್ಕುತ್ತದೆ, ಯಾರೋ ವಾಲ್ಯೂಮ್ ತಿರುಗಿಸಿದ ಹಾಗೆ. ಆ ಜಾಗಕ್ಕೆ ಪೆನ್ನಿನಿಂದ ಗೆರೆ ಹಾಕಿ. ಇನ್ನೂ ಎತ್ತುತ್ತಾ ಹೋದರೆ ಸದ್ದು ಕುಗ್ಗಿ, ಸುಮಾರು 25 ಸೆಂ.ಮೀ. ಬಳಿ ಮತ್ತೆ ಉಕ್ಕುತ್ತದೆ. ಅಲ್ಲೂ ಗೆರೆ. ಇದಕ್ಕೆ ಅನುನಾದ ಎನ್ನುತ್ತಾರೆ.

ಹಗ್ಗದಲ್ಲಿ ಕಂಡ ತೊಟ್ಟಿಲು ಇಲ್ಲಿ ಗಾಳಿಯಲ್ಲಿ ತೂಗುತ್ತಿದೆ. ಸದ್ದಿನಲ್ಲಿ ಗಾಳಿ ಅಡ್ಡಕ್ಕೆ ಆಡುವುದಿಲ್ಲ, ಅಲೆ ಹೋಗುವ ದಿಕ್ಕಿನಲ್ಲೇ ಹಿಂದೆ ಮುಂದೆ ಆಡುತ್ತದೆ. ವ್ಯತ್ಯಾಸ ಅಷ್ಟೇ. ನೀರಿನ ಮಟ್ಟದಲ್ಲಿ ಗಾಳಿ ಅಲುಗಲಾರದು, ಅದು ಕಂಬಕ್ಕೆ ಕಟ್ಟಿದ ತುದಿ. ಪೈಪಿನ ಬಾಯಿಯಲ್ಲಿ ಪೂರ್ತಿ ಆಡುತ್ತದೆ. ಮೊದಲ ಗೆರೆಯಲ್ಲಿ ಕಾಲು ಅಲೆ ಹಿಡಿಸಿತು, ಎರಡನೆಯದರಲ್ಲಿ ಮುಕ್ಕಾಲು. ನಡುವಿನ ಅಂತರ ಅರ್ಧ ಅಲೆ.

ಮೊದಲ ಗೆರೆಯೊಂದನ್ನೇ ನಾಲ್ಕರಿಂದ ಗುಣಿಸುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಅಲೆ ಪೈಪಿನ ಬಾಯಿಗೇ ನಿಲ್ಲದೆ ಚೂರು ಹೊರಗೆ ಉಬ್ಬಿರುತ್ತದೆ, ಪೈಪಿನ ವ್ಯಾಸದ ಸುಮಾರು ಹತ್ತರಲ್ಲಿ ಮೂರು ಪಾಲು. ಎರಡು ಗೆರೆಗಳ ಅಂತರ ತೆಗೆದರೆ ಆ ಉಬ್ಬು ತಾನಾಗಿ ಕಳೆದುಹೋಗುತ್ತದೆ. ನಮಗೆ ಜುಲೈ ಮಧ್ಯಾಹ್ನ, ಕೋಣೆಯ ಉಷ್ಣಾಂಶ 20 ಡಿಗ್ರಿ ಇದ್ದಾಗ 17.2 ಸೆಂ.ಮೀ. ಬಂತು. ತರಂಗದೂರ 34.4 ಸೆಂ.ಮೀ., ಅದನ್ನು 1,000ದಿಂದ ಗುಣಿಸಿದರೆ ಸೆಕೆಂಡಿಗೆ 344 ಮೀಟರ್. ಬಯಲೂ ಬೇಡ, ಗೋಡೆಯೂ ಬೇಡ, ಒಂದು ಬಕೆಟ್ಟಿನೊಳಗೆ ಸದ್ದಿನ ವೇಗ ಸಿಕ್ಕಿತು! ಈ ಅಂಕಿಯನ್ನು ತಾರೀಕು, ಉಷ್ಣಾಂಶ ಸಮೇತ ನೋಟ್‌ಬುಕ್ಕಿನಲ್ಲಿ ಬರೆದಿಡಿ, ಮುಂದೆ ಬೇಕು.

ಕೊಳಲು, ಕೊಂಬು, ವಾಲಗ ಎಲ್ಲವೂ ಈ ಪೈಪಿನ ಬಂಧುಗಳೇ. ಉದ್ದ ಹೆಚ್ಚಿದಷ್ಟೂ ಸ್ವರ ಇಳಿಯುತ್ತದೆ. ಹುತ್ತರಿಯ ಹಾಡಿನ ಜೊತೆಗಿರುವ ದುಡಿ ಬೇರೆ ಜಾತಿ, ಅಲ್ಲಿ ಆಡುವುದು ಚರ್ಮ. ಹಗ್ಗ ಬಿಗಿದಾಗ ವೇಗ ಏರಿದಂತೆ ದುಡಿಯ ಚರ್ಮ ಬಿಗಿದಾಗ ಸ್ವರ ಏರುತ್ತದೆ. ಮಳೆಗಾಲದ ಥಂಡಿಗೆ ಚರ್ಮ ಸಡಿಲಿ ದನಿ ಸತ್ತಾಗ ಬೆಂಕಿಗೆ ಹಿಡಿದು ಕಾಯಿಸುವುದು ಅದಕ್ಕೇ. ಬರಿಯ ಚರ್ಮದ ಅಡಿಸ್ವರಕ್ಕೂ ಮೇಲ್ಸ್ವರಗಳಿಗೂ ಸರಳ ಗುಣಾಕಾರದ ನಂಟು ಇರುವುದಿಲ್ಲ, ಆದ್ದರಿಂದ ಹೆಚ್ಚಿನ ಚರ್ಮವಾದ್ಯಗಳಲ್ಲಿ ನಿಖರ ಸ್ವರ ಹುಟ್ಟದು. ಮೃದಂಗ, ತಬಲಾಗಳ ನಡುವಿನ ಕಪ್ಪು ಕರಣೆ ಆ ನಂಟನ್ನು ಕೂಡಿಸುತ್ತದೆಂದು ತೋರಿಸಿದವರು ಸಿ.ವಿ. ರಾಮನ್, 1920ರಲ್ಲಿ. ಬೆಳಕಿನ ಕೆಲಸಕ್ಕೆ ನೊಬೆಲ್ ಬಂದದ್ದು ಆಮೇಲೆ 1930ರಲ್ಲಿ. ಅವರು ಮೊದಲು ಕಿವಿಗೊಟ್ಟದ್ದು ನಮ್ಮ ವಾದ್ಯಗಳಿಗೆ ಎಂಬುದು ನನಗೆ ಬಹಳ ಇಷ್ಟವಾದ ವಿಷಯ.

ಹೆಜ್ಜೆ 5: ಹಪ್ಪಳದಿಂದ ಬೆಳಕಿನ ವೇಗ

ಕರೆಂಟ್ ಬಂದ ಮೇಲೆ, ದೊಡ್ಡವರ ಜೊತೆಗೆ ಮಾತ್ರ. ಮೈಕ್ರೋವೇವ್ ಎಂದರೆ ಕಣ್ಣಿಗೆ ಕಾಣದ ಬೆಳಕಿನ ಅಲೆಯೇ, ಓಡುವುದೂ ಬೆಳಕಿನ ವೇಗದಲ್ಲೇ. ಮೈಕ್ರೋವೇವ್ ಒಲೆಯೊಳಗಿನ ತಿರುಗುವ ತಟ್ಟೆಯನ್ನು ತೆಗೆದು, ತಿರುಗುವ ಗುಬುಟಿನ ಮೇಲೆ ಬಟ್ಟಲು ಕವುಚಿ, ಅದರ ಮೇಲೆ ಅಲುಗದಂತೆ ಚಪ್ಪಟೆ ಪಿಂಗಾಣಿ ತಟ್ಟೆ ಇಡಿ. ಹಸಿ ಹಪ್ಪಳಗಳನ್ನು ಒಂದಕ್ಕೊಂದು ತಾಗಿಸಿ ಹರಡಿ. 15–20 ಸೆಕೆಂಡ್ ಕಾಯಿಸಿ, ಕಣ್ಣು ಅದರ ಮೇಲೇ ಇರಲಿ, ಕೆಲವು ಕಡೆ ಅರಳಿದ ಕೂಡಲೇ ನಿಲ್ಲಿಸಿ. ತಟ್ಟೆ ತಿರುಗದ ಕಾರಣ ಹಪ್ಪಳ ಎಲ್ಲ ಕಡೆ ಒಂದೇ ಸಮ ಅರಳದೆ ಚುಕ್ಕೆ ಚುಕ್ಕೆಯಾಗಿ ಅರಳಿರುತ್ತದೆ. ಆ ಚುಕ್ಕೆಗಳು ತೊಟ್ಟಿಲಿನ ನಡುಭಾಗ, ಅರಳದ ಜಾಗ ಗಂಟು.

ಅಕ್ಕಪಕ್ಕದ ಚುಕ್ಕೆಗಳ ನಡುವಿನ ದೂರ ಅಳೆಯಿರಿ, 6 ಸೆಂ.ಮೀ. ಆಸುಪಾಸು ಬರುತ್ತದೆ. ಅದು ಅರ್ಧ ಅಲೆ, ಪೂರ್ಣ ಅಲೆ 0.12 ಮೀಟರ್. ಒಲೆಯ ಹಿಂದಿನ ಚೀಟಿಯಲ್ಲಿ ಆವೃತ್ತಿ ಬರೆದಿರುತ್ತದೆ: 2,450 ಮೆಗಾಹರ್ಟ್ಸ್, ಅಂದರೆ ಸೆಕೆಂಡಿಗೆ 245 ಕೋಟಿ ಕಂಪನ. ಗುಣಿಸಿ. ಸೆಕೆಂಡಿಗೆ ಸುಮಾರು 29 ಕೋಟಿ ಮೀಟರ್. ನಿಜವಾದ ಬೆಲೆ 29,97,92,458. ಒಲೆಯೊಳಗೆ ಅಲೆಗಳು ಮೂರೂ ದಿಕ್ಕಿನಲ್ಲಿ ತೂಗುವುದರಿಂದ ಚುಕ್ಕೆಗಳು ಅಂದಗೆಡುತ್ತವೆ, ಉತ್ತರ ಶೇ 10–15 ಆಚೀಚೆ ಹೋಗಬಹುದು. ಹೋದರೂ ಬೇಸರ ಬೇಡ. ಅಡುಗೆಮನೆಯಲ್ಲಿ ನಿಂತು ಬೆಳಕಿನ ವೇಗವನ್ನು ಇಷ್ಟು ಹತ್ತಿರಕ್ಕೆ ತಂದದ್ದೇ ದೊಡ್ಡದು. ಹಪ್ಪಳ ತಿನ್ನಬಹುದು.

ಹೆಜ್ಜೆ 6: ಲೇಸರ್, ಸಿ.ಡಿ., ತಲೆಕೂದಲು

ಕಣ್ಣಿಗೆ ಕಾಣುವ ಬೆಳಕಿನ ಅಲೆ ಎಷ್ಟು ಚಿಕ್ಕದೆಂದರೆ ಅದನ್ನು ಅಳೆಯಲು ಅಷ್ಟೇ ಸಣ್ಣ ಗೆರೆಗಳ ಸ್ಕೇಲು ಬೇಕು. ಹಳೆಯ ಸಿ.ಡಿ. ಅಂಥ ಸ್ಕೇಲು, ಅದರ ಸುತ್ತುಗೆರೆಗಳ ನಡುವಿನ ಅಂತರ ಒಂದು ಮಿಲಿಮೀಟರಿನ ಸಾವಿರದಲ್ಲಿ 1.6 ಪಾಲು. ಹೆಸರು ಬರೆದ ಬದಿಯನ್ನು ಬ್ಲೇಡಿನಿಂದ ಗೀರಿ, ಅಗಲದ ಅಂಟುಟೇಪು ಹಚ್ಚಿ ಎಳೆದರೆ ಬೆಳ್ಳಿ ಪದರ ಕಿತ್ತು ಬಂದು ಸಿ.ಡಿ. ಪಾರದರ್ಶಕವಾಗುತ್ತದೆ. ಗೋಡೆಯಿಂದ 30 ಸೆಂ.ಮೀ. ದೂರದಲ್ಲಿ ಅದನ್ನು ನೆಟ್ಟಗೆ ನಿಲ್ಲಿಸಿ ಅಂಚಿನ ಬಳಿ ಲೇಸರ್ ಹಾಯಿಸಿ. ಲೇಸರನ್ನು ಯಾರ ಕಣ್ಣಿಗೂ ಹಿಡಿಯಕೂಡದು, ಕನ್ನಡಿ, ಪಾತ್ರೆಗಳಿಗೆ ಬಿದ್ದು ತಿರುಗಿ ಬರುವ ಬೆಳಕೂ ಅಷ್ಟೇ ಅಪಾಯ.

ಗೋಡೆಯ ಮೇಲೆ ನಡುವೆ ಒಂದು ಚುಕ್ಕೆ, ಎರಡೂ ಬದಿಗೆ ಒಂದೊಂದು ಚುಕ್ಕೆ. ನಡುವಿನಿಂದ ಬದಿಯದಕ್ಕೆ 13.3 ಸೆಂ.ಮೀ. ಬಂತೆನ್ನಿ. ಸಿ.ಡಿ.ಯಿಂದ ಬದಿಯ ಚುಕ್ಕೆಗಿರುವ ಓರೆ ದೂರವನ್ನೂ ದಾರದಿಂದ ಅಳೆಯಿರಿ, ಅದು 32.8 ಬರುತ್ತದೆ. 13.3ನ್ನು 32.8ರಿಂದ ಭಾಗಿಸಿ 1.6ರಿಂದ ಗುಣಿಸಿದರೆ 0.65. ಕೆಂಪು ಬೆಳಕಿನ ತರಂಗದೂರ 0.65 ಮೈಕ್ರೋಮೀಟರ್, ಅಂದರೆ 650 ನ್ಯಾನೋಮೀಟರ್. ಲೇಸರಿನ ಚೀಟಿ ನೋಡಿ, ಅಲ್ಲೂ ಅದರ ಹತ್ತಿರದ ಅಂಕಿಯೇ ಇರುತ್ತದೆ.

ಈಗ ಆ ಬೆಳಕಿನಿಂದಲೇ ತಲೆಕೂದಲು ಅಳೆಯೋಣ. ಲೇಸರಿನ ಬಾಯಿಗೆ ಒಂದು ಕೂದಲನ್ನು ಅಡ್ಡವಾಗಿ ಅಂಟಿಸಿ 2 ಮೀಟರ್ ದೂರದ ಗೋಡೆಗೆ ಹಿಡಿಯಿರಿ. ಕೂದಲಿನ ನೆರಳು ಬೀಳಬೇಕಾದ ಕಡೆ ಕೆಂಪು ತುಣುಕುಗಳ ಸಾಲು, ನಡುನಡುವೆ ಕತ್ತಲು. ಬೆಳಕು ಕೂದಲನ್ನು ಸುತ್ತಿ ಬಾಗಿ ಹೋಗಿದೆ. ಒಂದು ಬದಿಯ ಅಕ್ಕಪಕ್ಕದ ಕತ್ತಲುಗಳ ಅಂತರ 18.6 ಮಿ.ಮೀ. ಆದರೆ, 0.00065ನ್ನು 2,000ದಿಂದ ಗುಣಿಸಿ 18.6ರಿಂದ ಭಾಗಿಸಿ: 0.07 ಮಿ.ಮೀ. ಅಣ್ಣನ ಕೂದಲು, ತಂಗಿಯ ಕೂದಲು, ಅಜ್ಜಿಯ ಬಿಳಿಗೂದಲು ಎಂದು ಮಕ್ಕಳು ಒಂದು ಗಂಟೆ ಇದರಲ್ಲೇ ಕಳೆಯುತ್ತಾರೆ. ಲಂಡನ್ನಿನ ಥಾಮಸ್ ಯಂಗ್ 1803ರಲ್ಲಿ ಒಂದು ತೆಳು ಕಾರ್ಡನ್ನು ಬಿಸಿಲಕೋಲಿಗೆ ಅಡ್ಡ ಹಿಡಿದು ಬೆಳಕು ಅಲೆಯೆಂದು ತೋರಿಸಿದ್ದು ಹೆಚ್ಚುಕಡಿಮೆ ಇದೇ ಪ್ರಯೋಗ.

ಹೆಜ್ಜೆ 7: "ಅಲೆ ದೊಡ್ಡದೋ, ತಡೆ ದೊಡ್ಡದೋ?"

ಇಲ್ಲಿಂದ ಮುಂದೆ ಸ್ಕೇಲು ಬಿಟ್ಟು ಹೊರಗೆ ನೋಡಿ. ಈ ಒಂದು ಪ್ರಶ್ನೆ ಕೇಳಿಕೊಂಡರೆ ಕೊಡಗಿನ ಅರ್ಧ ನೋಟಗಳು ಬಿಡಿಸಿಕೊಳ್ಳುತ್ತವೆ.

ರೇಡಿಯೋದಲ್ಲಿ ಆಕಾಶವಾಣಿ ಮಡಿಕೇರಿ 103.1 ಮೆಗಾಹರ್ಟ್ಸ್. ರೇಡಿಯೋ ಅಲೆಯೂ ಬೆಳಕಿನ ವೇಗದಲ್ಲೇ ಓಡುತ್ತದೆ, ಆ ವೇಗವನ್ನು ಇದರಿಂದ ಭಾಗಿಸಿದರೆ ಅಲೆಯ ಉದ್ದ 2.9 ಮೀಟರ್. ಅದರ ಕಾಲು ಭಾಗ 73 ಸೆಂ.ಮೀ. ಅಷ್ಟುದ್ದದ ತಂತಿಯನ್ನು ರೇಡಿಯೋದ ಏರಿಯಲ್‌ಗೆ ಸಿಕ್ಕಿಸಿ ನೆಟ್ಟಗೆ ನೇತುಹಾಕಿ, ದನಿ ಹೆಚ್ಚಾಗಿ ತಿಳಿಯಾಗುತ್ತದೆ. ಪೈಪಿನಲ್ಲಿ ಕಾಲು ಅಲೆ ಹಿಡಿಸಿದ ಹಾಗೆಯೇ ಇದೂ. ಮೊಬೈಲಿನ 900 ಮೆಗಾಹರ್ಟ್ಸ್ ಅಲೆ 33 ಸೆಂ.ಮೀ., 2,300ರದ್ದು 13 ಸೆಂ.ಮೀ. ಮಾತ್ರ. ಅಲೆ ಚಿಕ್ಕದಾದಷ್ಟೂ ಬೆಟ್ಟದ ಏಣಿನಲ್ಲಿ ಬಾಗಿ ಇಳಿಯುವುದು ಕಡಿಮೆ. ಕಣಿವೆಯ ಮನೆಯಲ್ಲಿ ರೇಡಿಯೋ ಹಾಡುತ್ತಿದ್ದರೂ ಫೋನು ಮೂಕವಾಗಿರಲು ಇದೂ ಒಂದು ಕಾರಣ.

ಕಾಡಾನೆಗಳ ವಿಷಯ ಇದಕ್ಕಿಂತ ಸೊಗಸು. 1984ರಲ್ಲಿ ಕೇಟಿ ಪೇಯ್ನ್ ಎಂಬ ಅಮೆರಿಕದ ಸಂಶೋಧಕಿ ಮೃಗಾಲಯದಲ್ಲಿ ಏಷ್ಯಾದ ಆನೆಗಳ ಬಳಿ ನಿಂತಿದ್ದಾಗ ಸದ್ದು ಕೇಳದಿದ್ದರೂ ಗಾಳಿ ನಡುಗಿದಂತೆ ಮೈಗೆ ಅನ್ನಿಸಿತು. ದಾಖಲಿಸಿ ನೋಡಿದರೆ ಆನೆಗಳು 14ರಿಂದ 24 ಹರ್ಟ್ಸ್‌ನಲ್ಲಿ ಮಾತಾಡುತ್ತಿದ್ದವು. ನಮ್ಮ ಕಿವಿಯ ಕೆಳಮಿತಿ ಸುಮಾರು 20. ಲೆಕ್ಕ ಹಾಕಿ: 343ನ್ನು 17ರಿಂದ ಭಾಗಿಸಿದರೆ ಅಲೆಯ ಉದ್ದ 20 ಮೀಟರ್. ಆಳೆತ್ತರದ ಕಾಫಿ ಗಿಡ, ಒಂದಡಿ ದಪ್ಪದ ಸಿಲ್ವರ್ ಓಕ್ ಇಂಥ ಅಲೆಗೆ ತಡೆಯೇ ಅಲ್ಲ. ನಮ್ಮ ಕೂಗು ನಾಲ್ಕು ಸಾಲು ಗಿಡ ದಾಟುವಷ್ಟರಲ್ಲಿ ಸೋತುಹೋಗುತ್ತದೆ, ಆನೆಯ ಮಾತು ತೋಟ, ಕಾಡು ದಾಟಿ ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ. ತೋಟದಲ್ಲಿ ಸದ್ದಿಲ್ಲ ಎಂದ ಮಾತ್ರಕ್ಕೆ ಆನೆ ಇಲ್ಲವೆಂದು ಮುಂಜಾನೆ ಕತ್ತಲಲ್ಲಿ ಒಳಗೆ ಕಾಲಿಡಬೇಡಿ.

ಮಂಜು ಬೆಳ್ಳಗಿರುವುದೇಕೆ? ಅದರ ಹನಿಗಳು ಬೆಳಕಿನ ಅಲೆಗಿಂತ ಹತ್ತಾರು ಪಟ್ಟು ದೊಡ್ಡವು, ಎಲ್ಲ ಬಣ್ಣಗಳನ್ನೂ ಒಂದೇ ಸಮ ಚದುರಿಸುತ್ತವೆ. ಗಾಳಿಯ ಅಣುಗಳು ಬೆಳಕಿನ ಅಲೆಗಿಂತ ಬಹಳ ಚಿಕ್ಕವು. ಅವು ಚಿಕ್ಕ ಅಲೆಯ ನೀಲಿಯನ್ನು ಕೆಂಪಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಚದುರಿಸುತ್ತವೆ. ರಾಜಾಸೀಟಿನಲ್ಲಿ ನಿಂತಾಗ ದೂರದ ಬೆಟ್ಟಸಾಲು ಒಂದರ ಹಿಂದೊಂದು ಹೆಚ್ಚು ಹೆಚ್ಚು ನೀಲಿಯಾಗುವುದು, ಮುಳುಗುವ ಸೂರ್ಯ ಕೆಂಪಾಗುವುದು, ಎರಡೂ ಇದರಿಂದಲೇ.

ಫೆಬ್ರವರಿ–ಮಾರ್ಚಿನಲ್ಲಿ ಹೂವಿಗೆಂದು ಸ್ಪ್ರಿಂಕ್ಲರ್ ಹಾಕಿದಾಗ ಕಾಮನಬಿಲ್ಲು ಅಳೆಯಿರಿ. ಸೂರ್ಯನಿಗೆ ಬೆನ್ನು ಮಾಡಿ, ನಿಮ್ಮ ತಲೆಯ ನೆರಳು ಎಲ್ಲಿ ಬಿದ್ದಿದೆ ನೋಡಿ. ಕೈ ಪೂರ್ತಿ ಚಾಚಿ ಬೆರಳು ಅಗಲಿಸಿದರೆ ಹೆಬ್ಬೆರಳಿನಿಂದ ಕಿರುಬೆರಳಿಗೆ ಸುಮಾರು 20 ಡಿಗ್ರಿ. ತಲೆಯ ನೆರಳಿನಿಂದ ಎರಡು ಗೇಣಿಗೆ ಬಿಲ್ಲು ಸಿಗುತ್ತದೆ, ಏಕೆಂದರೆ ಕೆಂಪು ಹೊರಬರುವುದು 42 ಡಿಗ್ರಿಗೆ. ನಡುಮಧ್ಯಾಹ್ನ ಬಯಲುಸೀಮೆಯವರಿಗೆ ಆಕಾಶದ ಕಾಮನಬಿಲ್ಲು ಕಾಣುವುದಿಲ್ಲ, ಅದು ನೆಲದ ಕೆಳಗೆ ಹೋಗಿರುತ್ತದೆ. ಇಳಿಜಾರಿನ ಮೇಲೆ ನಿಂತು ಕೆಳಗಿನ ತುಂತುರನ್ನು ನೋಡುವ ನಮಗೆ ಆ ಹೊತ್ತಿನಲ್ಲೂ ಕಾಣುತ್ತದೆ. ಮಾಂದಲಪಟ್ಟಿಯಂಥ ಎತ್ತರದಲ್ಲಿ ಬೆನ್ನಿಗೆ ಎಳೆಬಿಸಿಲು, ಎದುರಿಗೆ ಮಂಜು ಇದ್ದರೆ ಬಣ್ಣವಿಲ್ಲದ ಬಿಳಿ ಬಿಲ್ಲನ್ನು ಹುಡುಕಿ. ಹನಿ ಬಹಳ ಸಣ್ಣದಾದಾಗ ಬಣ್ಣಗಳು ಹರಡಿ ಒಂದರೊಳಗೊಂದು ಬೆರೆತುಹೋಗುತ್ತವೆ, ಕೂದಲಿನ ಬಳಿ ಬೆಳಕು ಹರಡಿದ ಹಾಗೆ.

ನೆಲದಲ್ಲೂ ಅಲೆ ಓಡುತ್ತದೆ. 2022ರ ಜೂನ್ ಕೊನೆಯಲ್ಲಿ ಕರಿಕೆ, ಚೆಂಬು ಕಡೆಯವರಿಗೆ ಲಘು ಭೂಕಂಪದ ಜೊತೆ ಗುಡುಗಿದಂಥ ಸದ್ದೂ ಕೇಳಿತ್ತು. ಭೂಕಂಪದಲ್ಲಿ ಮೊದಲು ಬರುವುದು ಒತ್ತುವ ಅಲೆ, ಗಟ್ಟಿ ಬಂಡೆಯಲ್ಲಿ ಸೆಕೆಂಡಿಗೆ ಸುಮಾರು 6 ಕಿ.ಮೀ. ಅದು ನೆಲವನ್ನೇ ದುಡಿಯ ಚರ್ಮದಂತೆ ಆಡಿಸಿ ಗಾಳಿಗೆ ಸದ್ದು ದಾಟಿಸುತ್ತದೆ. ಅಡ್ಡ ಆಡಿಸುವ ಅಲೆ ಹಿಂದಿನಿಂದ, ಸುಮಾರು 3.5 ಕಿ.ಮೀ. ವೇಗದಲ್ಲಿ ಬರುತ್ತದೆ. ಎರಡರ ನಡುವಿನ ಸೆಕೆಂಡುಗಳನ್ನು 8ರಿಂದ ಗುಣಿಸಿದರೆ ಕಂಪದ ದೂರ ಕಿಲೋಮೀಟರಿನಲ್ಲಿ. ಮಿಂಚು–ಗುಡುಗಿನ ಲೆಕ್ಕವೇ ಇದು, ಅಂಕಿ ಮಾತ್ರ ಬೇರೆ.

ಹೆಜ್ಜೆ 8: ಡಿಸೆಂಬರಿಗೆ ಉಳಿಸಿಟ್ಟ ಕೆಲಸ

ಚಳಿಗಾಲದ ಮುಂಜಾನೆ ಕಣಿವೆಯ ಆಚೆ ಬದಿಯ ನಾಯಿ ಬೊಗಳಿದ್ದು, ಮೊದಲ ಬಸ್ಸಿನ ಹಾರ್ನು ಅಂಗಳದಲ್ಲೇ ಆದಂತೆ ಕೇಳುತ್ತದೆ. ಮಂಜು ಸದ್ದನ್ನು ಹೊತ್ತು ತರುತ್ತದೆ ಎನ್ನುತ್ತಾರೆ. ತರುವುದು ಮಂಜಲ್ಲ. ರಾತ್ರಿ ತಣ್ಣನೆಯ ಗಾಳಿ ಕಣಿವೆಯ ತಳಕ್ಕೆ ಇಳಿದು ಮೇಲೆ ಬೆಚ್ಚನೆಯ ಗಾಳಿ ಉಳಿಯುತ್ತದೆ. ಬೆಚ್ಚಗಿರುವಲ್ಲಿ ಸದ್ದು ಬೇಗ ಓಡುವುದರಿಂದ ಅಲೆಯ ಮೇಲ್ತುದಿ ಮುಂದಾಗಿ ಇಡೀ ಅಲೆ ನೆಲದ ಕಡೆಗೆ ಬಾಗುತ್ತದೆ, ಮೇಲೆ ಹೋಗಿ ಕಳೆದುಹೋಗಬೇಕಾದ ಸದ್ದು ನಮ್ಮ ಕಿವಿಗೆ ಇಳಿಯುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಅದೇ ಬಸ್ಸಿನ ಹಾರ್ನು ಅಷ್ಟು ದೂರ ಬರುವುದಿಲ್ಲ.

ಅಂಥ ಒಂದು ಬೆಳಿಗ್ಗೆ ಆರು ಗಂಟೆಗೆ ಮಕ್ಕಳನ್ನು ಎಬ್ಬಿಸಿ. ಬಕೆಟ್ಟನ್ನೂ ಪೈಪನ್ನೂ ಹಿಂದಿನ ರಾತ್ರಿಯೇ ಜಗಲಿಯಲ್ಲಿಟ್ಟಿರಿ, ನೀರೂ ಪೈಪೂ ಹೊರಗಿನ ಚಳಿಗೆ ಹೊಂದಿಕೊಳ್ಳಲಿ. ಥರ್ಮಾಮೀಟರ್ 12 ಡಿಗ್ರಿ ತೋರಿಸುತ್ತಿದ್ದರೆ ಸದ್ದಿನ ವೇಗ ಸುಮಾರು 338ಕ್ಕೆ ಇಳಿದಿರಬೇಕು, ಎರಡು ಗೆರೆಗಳ ಅಂತರ 16.9 ಸೆಂ.ಮೀ. ಬರಬೇಕು. ಜುಲೈನಲ್ಲಿ ಬರೆದಿಟ್ಟ 17.2ಕ್ಕೂ ಇದಕ್ಕೂ ವ್ಯತ್ಯಾಸ 3 ಮಿಲಿಮೀಟರ್. ಗೆರೆಯನ್ನು ಚೂಪಾದ ಪೆನ್ಸಿಲಿನಿಂದ ಹಾಕಿ, ಐದು ಸಲ ಅಳೆಯಿರಿ, ಹಳೆಯ ಗೆರೆಯ ಪಕ್ಕದಲ್ಲೇ ಹೊಸದನ್ನು ಬೇರೆ ಬಣ್ಣದಲ್ಲಿ ಗುರುತಿಸಿ.